ಅಸ್ಥಿಪೆಟ್ಟಿಗೆಗಳು ಸಾಗಿದ ದಾರಿ: ಹಾಂಗ್‌ಕಾಂಗ್ ಮತ್ತು ಗುವಾಂಗ್‌ಡಾಂಗ್ ತವರೂರುಗಳ ದತ್ತಿಯ ನಂಟು

2025ರ ನವೆಂಬರ್ 26ರಂದು ಹಾಂಗ್‌ಕಾಂಗ್‌ನ ತೈ ಪೋ ಪ್ರದೇಶದ ವಾಂಗ್ ಫುಕ್ ಕೋರ್ಟ್ ವಸತಿ ಸಮುಚ್ಚಯಕ್ಕೆ ಬಿದ್ದ ಬೆಂಕಿ ಅಲ್ಲಿನ ಎಂಟು ಗೋಪುರಗಳ ಪೈಕಿ ಏಳನ್ನು ಸುಟ್ಟು 150ಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಅದರ ಮರುದಿನದಿಂದಲೇ ಎರಡು ಬಗೆಯ ಸುದ್ದಿಗಳು ಬರತೊಡಗಿದವು. ಅಲಿಬಾಬಾ, ಟೆನ್ಸೆಂಟ್ ಮುಂತಾದ ಚೀನಾ ಮುಖ್ಯಭೂಮಿಯ ಕಂಪನಿಗಳು ಕೋಟಿಗಟ್ಟಲೆ ದೇಣಿಗೆ ಘೋಷಿಸಿದವು ಮತ್ತು ಹಾಂಗ್‌ಕಾಂಗ್ ಸರ್ಕಾರ 30 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳ ಮೂಲಧನದೊಂದಿಗೆ ನೆರವಿನ ನಿಧಿಯೊಂದನ್ನು ತೆರೆಯಿತು ಎಂಬುದು ಒಂದು ಸುದ್ದಿ. ಅದೇ ಹೊತ್ತಿಗೆ, ಘಟನಾ ಸ್ಥಳದ ಬಳಿ ನೀರು, ಹೊದಿಕೆ, ಆಹಾರ ಒಟ್ಟುಮಾಡಿ ಹಂಚುತ್ತಿದ್ದ ಸ್ವಯಂಸೇವಕರನ್ನು ಅಲ್ಲಿಂದ ತೆರಳುವಂತೆ ಹೇಳಲಾಯಿತು, ಸರ್ಕಾರದ ತಂಡಗಳು ಆ ಕೆಲಸವನ್ನು ವಹಿಸಿಕೊಂಡವು, ದುರಂತವನ್ನು ನೆಪಮಾಡಿಕೊಂಡು ಅಶಾಂತಿ ಹುಟ್ಟಿಸುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ನಗರದಲ್ಲಿರುವ ಚೀನಾದ ರಾಷ್ಟ್ರೀಯ ಭದ್ರತಾ ಕಚೇರಿ ಎಚ್ಚರಿಸಿತು ಎಂಬ ವರದಿಗಳೂ ಬಂದವು.

ದೂರದಿಂದ ನೋಡುವವರಿಗೆ ಇದು ಗೊಂದಲ ಹುಟ್ಟಿಸುವುದು ಸಹಜ. ಜಗತ್ತಿನ ಶ್ರೀಮಂತ ನಗರಗಳಲ್ಲೊಂದಕ್ಕೆ ಗಡಿಯಾಚೆಯಿಂದ ದೇಣಿಗೆ ಏಕೆ ಬರಬೇಕು? ಹೊದಿಕೆ ಹಂಚುವ ಕೆಲಸ ಒಂದು ಸರ್ಕಾರಕ್ಕೆ ಏಕೆ ಆತಂಕದ ವಿಷಯವಾಗಬೇಕು? ಕಳೆದ ನೂರೈವತ್ತು ವರ್ಷಗಳ ಬಹುಪಾಲು ಕಾಲ ನೆರವು ಹರಿದದ್ದು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ, ಹಾಂಗ್‌ಕಾಂಗ್‌ನಿಂದ ಪಕ್ಕದ ಗುವಾಂಗ್‌ಡಾಂಗ್ ಪ್ರಾಂತ್ಯದ ವಲಸಿಗರ ತವರೂರುಗಳ ಕಡೆಗೆ, ಎಂಬುದನ್ನು ತಿಳಿದರೆ ಗೊಂದಲ ಇನ್ನೂ ಹೆಚ್ಚಬಹುದು. ಆ ಹಳೆಯ ನಂಟು ಹೇಗೆ ಹುಟ್ಟಿತು, ಯಾವುದರ ಬಲದ ಮೇಲೆ ನಿಂತಿತ್ತು ಎಂಬುದನ್ನು ನೋಡದೆ ಇಂದಿನ ಸುದ್ದಿ ಅರ್ಥವಾಗುವುದಿಲ್ಲ.

ನಾಲ್ಕು ಜಿಲ್ಲೆಗಳು, ಒಂದು ಬಂದರು

ಪರ್ಲ್ ನದಿಯ ಮುಖಜಭೂಮಿಯ ಪಶ್ಚಿಮಕ್ಕೆ ಶಿನ್‌ಹುಯಿ, ತೈಶಾನ್, ಕೈಪಿಂಗ್, ಎನ್‌ಪಿಂಗ್ ಎಂಬ ನಾಲ್ಕು ಜಿಲ್ಲೆಗಳಿವೆ. ಕ್ಯಾಂಟೊನೀಸ್ ಭಾಷೆಯಲ್ಲಿ ಇವುಗಳಿಗೆ ಒಟ್ಟಾಗಿ 'ಸೇ ಯಪ್', ಅಂದರೆ ನಾಲ್ಕು ಜಿಲ್ಲೆಗಳು, ಎಂದೇ ಹೆಸರು. ಇಂದು ಇವೆಲ್ಲ ಜಿಯಾಂಗ್‌ಮೆನ್ ನಗರಾಡಳಿತದ ವ್ಯಾಪ್ತಿಯಲ್ಲಿವೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಅಮೆರಿಕ ಮತ್ತು ಕೆನಡಾಗಳಿಗೆ ಹೋದ ಚೀನೀಯರಲ್ಲಿ ಬಹುಪಾಲು ಜನ ಈ ನಾಲ್ಕು ಜಿಲ್ಲೆಗಳವರು. ನಮ್ಮ ಕೋಲ್ಕತ್ತಾದ ಹಳೆಯ ಚೀನೀ ಬಡಾವಣೆಯಲ್ಲಿ 'ಸೀ ಇಪ್ ಚರ್ಚ್' ಎಂದು ಕರೆಸಿಕೊಳ್ಳುವ ಒಂದು ಚೀನೀ ದೇವಾಲಯ ಇಂದಿಗೂ ಇದೆ. ಆ ಹೆಸರಿನೊಳಗಿರುವುದೂ ಇದೇ ಸೇ ಯಪ್.

ಜನ ಊರು ಬಿಡಲು ಕಾರಣಗಳು ಅನೇಕ. ಗುಡ್ಡಗಾಡಿನ ಪ್ರದೇಶ, ಜನಸಂಖ್ಯೆಗೆ ಸಾಲದ ಗದ್ದೆ. ಅದರ ಮೇಲೆ 1855ರಿಂದ 1867ರವರೆಗೆ ಸ್ಥಳೀಯರಿಗೂ ಹೊರಗಿನಿಂದ ಬಂದು ನೆಲೆಸಿದ್ದ ಹಕ್ಕಾ ಜನರಿಗೂ ನಡುವೆ ನಡೆದ ರಕ್ತಸಿಕ್ತ ಕಾಳಗ ಇದೇ ಜಿಲ್ಲೆಗಳನ್ನು ಹಾಳುಗೆಡವಿತು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ಈ ಊರುಗಳಿಗೆ ತಲುಪುವ ಹೊತ್ತಿಗೆ, 1842ರಲ್ಲಿ ಬ್ರಿಟಿಷರ ಕೈಸೇರಿದ್ದ ಹಾಂಗ್‌ಕಾಂಗ್ ಶಾಂತ ಮಹಾಸಾಗರ ದಾಟುವ ಹಡಗುಗಳ ಬಂದರಾಗಿ ಬೆಳೆಯುತ್ತಿತ್ತು. ತೈಶಾನ್‌ನ ರೈತನ ಮಗನೊಬ್ಬ ಕ್ಯಾಲಿಫೋರ್ನಿಯಾಕ್ಕೆ, ಅಂದರೆ ಅವರ ಮಾತಿನಲ್ಲಿ 'ಚಿನ್ನದ ಬೆಟ್ಟ'ಕ್ಕೆ, ಹೋಗಬೇಕಾದರೆ ದೋಣಿಯಲ್ಲಿ ಹಾಂಗ್‌ಕಾಂಗ್‌ಗೆ ಬಂದು, ಅಲ್ಲಿನ ತನ್ನ ಜಿಲ್ಲೆಯವರ ಅಂಗಡಿಯಲ್ಲಿ ತಂಗಿ, ಟಿಕೆಟು ಸಾಲವಾಗಿ ಪಡೆದು ಹಡಗು ಹತ್ತುತ್ತಿದ್ದ. 'ಚಿನ್ನದ ಬೆಟ್ಟದ ಅಂಗಡಿ'ಗಳೆಂದೇ ಹೆಸರಾದ ಈ ವ್ಯಾಪಾರ ಸಂಸ್ಥೆಗಳು ಅಕ್ಕಿ, ಒಣಮೀನು, ಔಷಧಿಗಳನ್ನು ಅಮೆರಿಕಕ್ಕೆ ಕಳಿಸುತ್ತಿದ್ದವು, ಅಲ್ಲಿಂದ ಬಂದ ಹಣ ಮತ್ತು ಪತ್ರಗಳನ್ನು ಹಳ್ಳಿಗಳಿಗೆ ಮುಟ್ಟಿಸುತ್ತಿದ್ದವು.

ಇಲ್ಲಿ ಒಂದು ಕಾರಣ-ಪರಿಣಾಮದ ಕೊಂಡಿಯನ್ನು ಗಮನಿಸಬೇಕು. 1882ರಲ್ಲಿ ಅಮೆರಿಕ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತು. 1943ರವರೆಗೆ ಉಳಿದ ಆ ಕಾನೂನು, ಅಲ್ಲಿದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದನ್ನು ಬಹುತೇಕ ಅಸಾಧ್ಯವಾಗಿಸಿತು. ಗಂಡಸರು ಅಲ್ಲಿ, ಸಂಸಾರ ಇಲ್ಲಿ ಎಂಬ ಸ್ಥಿತಿ ಎರಡು ಮೂರು ತಲೆಮಾರುಗಳವರೆಗೆ ಮುಂದುವರಿಯಿತು. ವಲಸಿಗರು ಅಲ್ಲಿಯೇ ಬೇರೂರಲು ಅವಕಾಶವಿದ್ದಿದ್ದರೆ ತವರಿಗೆ ಹರಿಯುವ ಹಣ ಒಂದು ತಲೆಮಾರಿನಲ್ಲೇ ಬತ್ತಿಹೋಗುತ್ತಿತ್ತೇನೋ. ಅವರನ್ನು ಹೊರಗಿಟ್ಟ ಕಾನೂನೇ ತವರಿನ ನಂಟನ್ನು ಅರವತ್ತು ವರ್ಷ ಜೀವಂತವಾಗಿಟ್ಟಿತು. ಕೈಪಿಂಗ್‌ನ ಹೊಲಗಳ ನಡುವೆ ಇಂದಿಗೂ ನಿಂತಿರುವ 1800ಕ್ಕೂ ಹೆಚ್ಚು ಕಾವಲು ಗೋಪುರಗಳು ಆ ಹಣದಿಂದ ಎದ್ದವು. ಡಕಾಯಿತರಿಂದ ರಕ್ಷಣೆ ಪಡೆಯಲೆಂದು ಹೊರದೇಶದ ದುಡಿಮೆಯಲ್ಲಿ ಕಟ್ಟಿದ ಈ ಗೋಪುರಗಳ ಪೈಕಿ ಕೆಲವು 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತೈಶಾನ್‌ಗೆ ರೈಲು ತಂದ ಚೆನ್ ಯಿಶಿ ಸಿಯಾಟಲ್‌ನಲ್ಲಿ ಗುತ್ತಿಗೆದಾರನಾಗಿದ್ದು ಊರಿಗೆ ಮರಳಿದವನು. ಅವನು 1906ರಲ್ಲಿ ಆರಂಭಿಸಿದ ಶಿನ್‌ನಿಂಗ್ ರೈಲುಮಾರ್ಗದ ಬಂಡವಾಳ ಬಹುಪಾಲು ಸಾಗರದಾಚೆಯ ಊರವರಿಂದ ಬಂದದ್ದು.

ಸಾಯಲು ಜಾಗವಿಲ್ಲದ ಊರಿನಲ್ಲಿ ಹುಟ್ಟಿದ ಆಸ್ಪತ್ರೆ

ಹಣ ಕಳಿಸುವುದು ಕುಟುಂಬದ ಕೆಲಸ. ದತ್ತಿ ಹಾಗಲ್ಲ. ಗುರುತಿಲ್ಲದವನಿಗೆ ನೆರವಾಗಲು ಒಂದು ಸಂಸ್ಥೆ ಬೇಕು. ಹಾಂಗ್‌ಕಾಂಗ್‌ನಲ್ಲಿ ಅಂಥ ಸಂಸ್ಥೆ ಹುಟ್ಟಿದ್ದು ಒಂದು ಹಗರಣದಿಂದ.

ಊರು ಬಿಟ್ಟು ಬಂದು ಹಾಂಗ್‌ಕಾಂಗ್‌ನಲ್ಲಿ ಸತ್ತವರ ಸ್ಮಾರಕ ಫಲಕಗಳನ್ನು ಇಡಲೆಂದು ಕಟ್ಟಿದ ಒಂದು ಗುಡಿಯಿತ್ತು. ಕಾಲಕ್ರಮೇಣ ದಿಕ್ಕಿಲ್ಲದ ರೋಗಿಗಳನ್ನು ಅಲ್ಲಿ ತಂದು ಬಿಡುವುದು ರೂಢಿಯಾಯಿತು. 1869ರಲ್ಲಿ ಅಧಿಕಾರಿಗಳು ಒಳಹೊಕ್ಕು ನೋಡಿದಾಗ ಹೆಣಗಳ ಪಕ್ಕದಲ್ಲೇ ಜೀವ ಹಿಡಿದುಕೊಂಡಿದ್ದವರೂ ಇದ್ದರು. ಸುದ್ದಿ ಲಂಡನ್ನಿನವರೆಗೂ ಹೋಯಿತು. ಚೀನೀಯರು ಪಾಶ್ಚಾತ್ಯ ವೈದ್ಯರ ಆಸ್ಪತ್ರೆಗೆ ಹೋಗಲು ಹೆದರುತ್ತಿದ್ದರು, ವಸಾಹತು ಸರ್ಕಾರಕ್ಕೆ ಅವರ ಹೊಣೆ ಬೇಡವಾಗಿತ್ತು. ಹಾಗಾಗಿ ಚೀನೀ ವರ್ತಕರೇ ಹಣ ಹಾಕಿ, ಚೀನೀ ವೈದ್ಯಪದ್ಧತಿಯಲ್ಲಿ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆ ಕಟ್ಟಲಿ ಎಂದು ಗವರ್ನರ್ ಮ್ಯಾಕ್‌ಡೊನೆಲ್ ಒಪ್ಪಿದರು. ಸರ್ಕಾರ ಜೂಜಿನ ಪರವಾನಗಿಯಿಂದ ಬಂದಿದ್ದ ಹಣದಲ್ಲಿ ಒಂದು ಪಾಲು ಕೊಟ್ಟಿತು. 1870ರ ಕಾನೂನಿನಂತೆ ಸ್ಥಾಪನೆಯಾದ ತುಂಗ್ ವಾ ಆಸ್ಪತ್ರೆ 1872ರಲ್ಲಿ ಬಾಗಿಲು ತೆರೆಯಿತು.

ಹೆಸರಿಗೆ ಆಸ್ಪತ್ರೆಯಾದರೂ ಅದು ಕೈಹಾಕದ ಕೆಲಸವಿರಲಿಲ್ಲ. ಕೂಲಿಗಳನ್ನು ಅಪಹರಿಸಿ ಹಡಗಿಗೆ ಹಾಕುವ ದಂಧೆಯ ವಿರುದ್ಧ ಅದು ಅರ್ಜಿ ಬರೆಯಿತು, ಮೋಸಹೋದವರನ್ನು ಬಿಡಿಸಿ ಊರಿಗೆ ಕಳಿಸಿತು. 1870ರ ದಶಕದ ಕೊನೆಯಲ್ಲಿ ಉತ್ತರ ಚೀನಾದಲ್ಲಿ ಭೀಕರ ಬರ ಬಿದ್ದಾಗ ಹಾಂಗ್‌ಕಾಂಗ್‌ನಲ್ಲಿ ಮಾತ್ರವಲ್ಲ, ಸಾಗರದಾಚೆಯ ಚೀನೀ ಸಮುದಾಯಗಳಿಂದಲೂ ಹಣ ಎತ್ತಿ ಕಳಿಸಿತು. ಸಂಸ್ಥೆಯ ಪರಿಹಾರ ಕಾರ್ಯಗಳನ್ನು ಮೆಚ್ಚಿ ಚೀನಾದ ಗುವಾಂಗ್‌ಶು ಚಕ್ರವರ್ತಿ ಕೊಟ್ಟ ಫಲಕ ಇಂದಿಗೂ ಅದರ ಸಭಾಂಗಣದಲ್ಲಿದೆ. 1878ರಲ್ಲಿ ಡೊಂಗ್‌ಗುವಾನ್ ಜಿಲ್ಲೆಯಿಂದ ಬಂದಿದ್ದ ವರ್ತಕರು, ಮಾರಾಟವಾಗುತ್ತಿದ್ದ ಹೆಣ್ಣುಮಕ್ಕಳನ್ನು ರಕ್ಷಿಸಲು ಪೋ ಲಿಯುಂಗ್ ಕುಕ್ ಎಂಬ ಇನ್ನೊಂದು ಸಂಸ್ಥೆಗೆ ಅನುಮತಿ ಕೇಳಿದರು. ಹೀಗೆ ಹಾಂಗ್‌ಕಾಂಗ್‌ನ ದತ್ತಿಯ ಮೊದಲ ಕಾಳಜಿ ನಗರದ ಬಡತನಕ್ಕಿಂತ ಹೆಚ್ಚಾಗಿ ದಾರಿಯಲ್ಲಿ ಸಿಕ್ಕಿಬಿದ್ದವರದಾಗಿತ್ತು. ಊರು ಬಿಟ್ಟವರು, ಊರಿಗೆ ಮರಳಬೇಕಾದವರು, ಮರಳುವ ಮುನ್ನವೇ ಸತ್ತವರು.

ಅಸ್ಥಿ ಸಾಗಿದ ದಾರಿ

ಈ ನಂಟಿನ ತಿರುಳು ಕಾಣಿಸುವುದು ಸತ್ತವರ ವಿಷಯದಲ್ಲಿ. ಹೊರದೇಶದಲ್ಲಿ ಸತ್ತವನ ಮೂಳೆಗಳು ಹುಟ್ಟೂರಿನ ಮಣ್ಣು ಸೇರದಿದ್ದರೆ, ವರ್ಷಕ್ಕೊಮ್ಮೆ ಸಮಾಧಿಗೆ ಎಡೆ ಇಡುವವರಿಲ್ಲದೆ ಅವನ ಆತ್ಮ ಹಸಿದು ಅಲೆಯುತ್ತದೆ ಎಂಬುದು ಅಲ್ಲಿನ ನಂಬಿಕೆ. ಮೃತರ ಅಸ್ಥಿಯನ್ನು ನದಿಗೆ ಬಿಡಲು ನೂರಾರು ಮೈಲಿ ಪ್ರಯಾಣಿಸುವ ನಮ್ಮ ನಾಡಿನವರಿಗೆ ಈ ಭಾವ ಅಪರಿಚಿತವೇನಲ್ಲ. ಆದರೆ ಸೇ ಯಪ್ ಜನ ಈ ನಂಬಿಕೆಯನ್ನು ಸಾಗರಗಳನ್ನು ದಾಟುವ ಒಂದು ಸಾರಿಗೆ ವ್ಯವಸ್ಥೆಯನ್ನಾಗಿ ಬೆಳೆಸಿದರು.

ಸ್ಯಾನ್ ಫ್ರಾನ್ಸಿಸ್ಕೊ, ವಿಕ್ಟೋರಿಯಾ, ಡುನೀಡಿನ್‌ನಂಥ ಊರುಗಳಲ್ಲಿ ಸತ್ತವರನ್ನು ಮೊದಲು ಅಲ್ಲಿಯೇ ಹೂಳುತ್ತಿದ್ದರು. ಕೆಲವು ವರ್ಷಗಳ ನಂತರ, ಒಂದೇ ಜಿಲ್ಲೆಯಿಂದ ಹೋದ ವಲಸಿಗರ ಸಂಘದವರು ಸಮಾಧಿ ತೆರೆದು, ಮೂಳೆಗಳನ್ನು ತೊಳೆದು, ಎಣಿಸಿ, ಸಣ್ಣ ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಹೆಸರು, ಜಿಲ್ಲೆ, ಹಳ್ಳಿಯನ್ನು ಬರೆಯುತ್ತಿದ್ದರು. ಸಾಕಷ್ಟು ಪೆಟ್ಟಿಗೆಗಳು ಕೂಡಿದ ಮೇಲೆ ಅವು ಹಡಗಿನಲ್ಲಿ ಹಾಂಗ್‌ಕಾಂಗ್‌ಗೆ ಬರುತ್ತಿದ್ದವು. ಅಲ್ಲಿ ಅವುಗಳನ್ನು ಇಳಿಸಿಕೊಳ್ಳುತ್ತಿದ್ದದ್ದು ತುಂಗ್ ವಾ. ಇದಕ್ಕಾಗಿಯೇ 1875ರಲ್ಲಿ ಕೆನೆಡಿ ಟೌನ್ ಬಳಿ ಶುರುವಾದ ಶವಪೆಟ್ಟಿಗೆಗಳ ತಂಗುದಾಣ 1899ರಲ್ಲಿ ಸ್ಯಾಂಡಿ ಬೇಗೆ ಸ್ಥಳಾಂತರಗೊಂಡಿತು ಮತ್ತು ಇಂದಿಗೂ ಅಲ್ಲಿಯೇ ಇದೆ. ಪೆಟ್ಟಿಗೆಗಳು ಬಂದ ಸುದ್ದಿಯನ್ನು ಜಿಲ್ಲೆಗಳಿಗೆ ತಿಳಿಸಿ, ದೋಣಿಗಳಲ್ಲಿ ಅವುಗಳನ್ನು ನದಿಯ ಮೇಲ್ಮುಖವಾಗಿ ಕಳಿಸಲಾಗುತ್ತಿತ್ತು. ಶಿನ್‌ಹುಯಿಯಲ್ಲಿ ರೆನ್ಯು ಟಾಂಗ್ ಎಂಬ ಧರ್ಮಸಂಸ್ಥೆ ಅವುಗಳನ್ನು ಸ್ವೀಕರಿಸಿ ಮನೆಯವರಿಗೆ ಒಪ್ಪಿಸುತ್ತಿತ್ತು.

ಯಾರೂ ಬಾರದ ಪೆಟ್ಟಿಗೆಗಳೂ ಇರುತ್ತಿದ್ದವು. ಮನೆತನ ಅಳಿದಿರಬಹುದು, ಊರಿನ ಹೆಸರು ತಪ್ಪಾಗಿ ಬರೆದಿರಬಹುದು, ಅಥವಾ ಬರುವ ದೋಣಿ ಖರ್ಚಿಗೂ ಮನೆಯವರ ಬಳಿ ಹಣವಿಲ್ಲದಿರಬಹುದು. ಅಂಥವರನ್ನು ಶಿನ್‌ಹುಯಿಯ ಹೊರವಲಯದ ಗುಡ್ಡಗಳಲ್ಲಿ ಸಾಮೂಹಿಕ ಧರ್ಮಸಮಾಧಿಗಳಲ್ಲಿ ಹೂಳಲಾಯಿತು. ಮರೆತೇಹೋಗಿದ್ದ ಈ ಸ್ಮಶಾನಗಳು 1990ರ ದಶಕದಿಂದ ಒಂದೊಂದಾಗಿ ಬೆಳಕಿಗೆ ಬಂದವು. ಹುವಾಂಗ್‌ಕೆಂಗ್‌ನಲ್ಲಿರುವ, 1893ರ ಕಾಲದ ಒಂದು ಸಮಾಧಿಸ್ಥಳದಲ್ಲೇ 380ಕ್ಕೂ ಹೆಚ್ಚು ಗುಂಡಿಗಳು ಸಾಲಾಗಿವೆ. ಅಲ್ಲಿ ಮಲಗಿರುವವರು ಸಾಗರ ದಾಟಿ ಹೋಗಿ, ಸತ್ತ ಮೇಲೆ ಅದೇ ಸಾಗರ ದಾಟಿ ಬಂದು, ತಮ್ಮ ಹಳ್ಳಿಗೆ ಕೆಲವೇ ಮೈಲಿ ದೂರದಲ್ಲಿ ನಿಂತುಹೋದವರು.

ದಾರಿಯ ಇನ್ನೊಂದು ತುದಿಯಲ್ಲೂ ಉಳಿದುಹೋದವರಿದ್ದಾರೆ. 1902ರಲ್ಲಿ ನ್ಯೂಜಿಲೆಂಡ್‌ನಿಂದ 499 ಚೀನೀಯರ ಅವಶೇಷಗಳನ್ನು ಹೊತ್ತು ಹಾಂಗ್‌ಕಾಂಗ್‌ಗೆ ಹೊರಟ ವೆಂಟ್ನರ್ ಹಡಗು ಹೊಕಿಯಾಂಗಾ ತೀರದಾಚೆ ಮುಳುಗಿತು. ದಡಕ್ಕೆ ತೇಲಿಬಂದ ಮೂಳೆಗಳನ್ನು ಅಲ್ಲಿನ ಮಾವೊರಿ ಜನ ತಮ್ಮವರ ಮೂಳೆಗಳಂತೆಯೇ ಗೌರವದಿಂದ ಮಣ್ಣುಮಾಡಿದರು. ಈ ಸಂಗತಿ ಸತ್ತವರ ವಂಶಸ್ಥರಿಗೆ ತಿಳಿದದ್ದು ಸುಮಾರು ನೂರು ವರ್ಷಗಳ ನಂತರ. ಕೆನಡಾದ ವಿಕ್ಟೋರಿಯಾದಲ್ಲಿ, ಯುದ್ಧದಿಂದಾಗಿ ಕಳಿಸಲಾಗದೆ ಉಳಿದ ಎಂಟುನೂರಕ್ಕೂ ಹೆಚ್ಚು ಜನರ ಮೂಳೆಗಳನ್ನು ಕೊನೆಗೆ 1961ರಲ್ಲಿ ಸಮುದ್ರದ ಅಂಚಿನ ಹಾರ್ಲಿಂಗ್ ಪಾಯಿಂಟ್‌ನಲ್ಲೇ ಹೂಳಲಾಯಿತು.

ಲೆಕ್ಕದ ಪುಸ್ತಕ

ಇಂಥ ವ್ಯವಸ್ಥೆ ಭಾವನೆಯೊಂದರಿಂದಲೇ ನಡೆಯಲಾರದು. ಕ್ಯಾಲಿಫೋರ್ನಿಯಾದ ಲಾಂಡ್ರಿಯೊಂದರಲ್ಲಿ ದುಡಿಯುವವನು ತಾನು ಎಂದೂ ನೋಡದ ಆಸ್ಪತ್ರೆಗೆ ಹಣ ಕಳಿಸಬೇಕಾದರೆ, ಆ ಹಣ ತಲುಪಿದೆ ಎಂಬುದಕ್ಕೆ ಅವನಿಗೆ ಪುರಾವೆ ಬೇಕು. ಅದಕ್ಕಾಗಿ ತುಂಗ್ ವಾ ಪ್ರತಿವರ್ಷ 'ಝೆಂಗ್‌ಶಿನ್ ಲು' ಎಂಬ ಪುಸ್ತಕ ಅಚ್ಚುಹಾಕಿಸುತ್ತಿತ್ತು. 'ವಿಶ್ವಾಸಕ್ಕೆ ಪ್ರಮಾಣವಾದ ದಾಖಲೆ' ಎಂಬುದು ಆ ಹೆಸರಿನ ಅರ್ಥ. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬ ವಿವರ ಅದರಲ್ಲಿರುತ್ತಿತ್ತು. ಇದು ತುಂಗ್ ವಾ ಹೊಸದಾಗಿ ಕಂಡುಹಿಡಿದ ಪದ್ಧತಿಯಲ್ಲ, ಚೀನಾದ ಧರ್ಮಸಂಸ್ಥೆಗಳಲ್ಲಿ ಮೊದಲಿನಿಂದಲೂ ಇದ್ದದ್ದು. ಅದನ್ನು ಖಂಡಾಂತರದ ಅಳತೆಗೆ ಹಿಗ್ಗಿಸಿದ್ದು ಹಾಂಗ್‌ಕಾಂಗ್‌ನ ಸಾಧನೆ.

ಇದು ಹಾಂಗ್‌ಕಾಂಗ್‌ನಲ್ಲೇ ಸಾಧ್ಯವಾದದ್ದು ಏಕೆ? ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ರಾಜಮನೆತನದ ಅಧಿಕಾರಿಗಳು ದೇಣಿಗೆಯ ಹಣಕ್ಕೆ ಕೈಹಾಕಲಾಗದಷ್ಟು ಹೊರಗೆ ಆ ಊರಿತ್ತು, ದೋಣಿಯಲ್ಲಿ ಹಳ್ಳಿ ಮುಟ್ಟುವಷ್ಟು ಹತ್ತಿರದಲ್ಲೂ ಇತ್ತು. ಸಂಸ್ಥೆಯನ್ನು ನಡೆಸುವ ವರ್ತಕರ ಅಂಗಡಿ ಮತ್ತು ಮಾನ ಎರಡೂ ಆ ಊರಿನಲ್ಲೇ ಇದ್ದುದರಿಂದ ಲೆಕ್ಕ ತಪ್ಪಿದರೆ ವ್ಯಾಪಾರವೂ ಕೆಡುತ್ತಿತ್ತು. ಅಸ್ಥಿಪೆಟ್ಟಿಗೆಗಳ ವಿಷಯದಲ್ಲಂತೂ ಲೆಕ್ಕ ಮೂರು ಕಡೆ ತಾಳೆಯಾಗಬೇಕಿತ್ತು: ಕಳಿಸಿದ ಸಂಘದಲ್ಲಿ, ಇಳಿಸಿಕೊಂಡ ತುಂಗ್ ವಾದಲ್ಲಿ, ಸ್ವೀಕರಿಸಿದ ಜಿಲ್ಲೆಯಲ್ಲಿ. ಈ ಮೂರು ಲೆಕ್ಕಗಳನ್ನು ಬರೆಯುವವರು ಯಾವ ಒಬ್ಬ ಅಧಿಕಾರಿಯ ಕೈಕೆಳಗೂ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ನಂಟಿನ ನಿಜವಾದ ಆಸ್ತಿ ಇದು. ರಕ್ತಸಂಬಂಧ ದಾನ ಕೊಡಲು ಪ್ರೇರಣೆ ಕೊಟ್ಟಿತು, ಕೊಡುವುದನ್ನು ಮುಂದುವರಿಸಲು ಧೈರ್ಯ ಕೊಟ್ಟದ್ದು ಲೆಕ್ಕದ ಪುಸ್ತಕ.

ಈ ಸ್ವಾತಂತ್ರ್ಯ ಆಳುವವರಿಗೆ ಇರಿಸುಮುರಿಸು ತಂದದ್ದೂ ಹೊಸದಲ್ಲ. ಜಗಳ ಬಗೆಹರಿಸುವ, ಚೀನಾದ ಅಧಿಕಾರಿಗಳೊಂದಿಗೆ ನೇರವಾಗಿ ಪತ್ರವ್ಯವಹಾರ ನಡೆಸುವ ತುಂಗ್ ವಾ ನಿರ್ದೇಶಕರನ್ನು ಬ್ರಿಟಿಷರು ಅನುಮಾನದಿಂದಲೇ ನೋಡುತ್ತಿದ್ದರು. 1894ರ ಪ್ಲೇಗಿನ ನಂತರ, 1896ರಲ್ಲಿ ಗವರ್ನರ್ ರಾಬಿನ್ಸನ್ ನೇಮಿಸಿದ ಆಯೋಗ ಆಸ್ಪತ್ರೆಯೊಳಕ್ಕೆ ಪಾಶ್ಚಾತ್ಯ ವೈದ್ಯವನ್ನೂ ಸರ್ಕಾರದ ಮೇಲ್ವಿಚಾರಣೆಯನ್ನೂ ತಂದಿತು. ಆದರೂ ತವರೂರುಗಳ ಜೊತೆಗಿನ ವ್ಯವಹಾರಕ್ಕೆ ಅದು ಅಡ್ಡಬರಲಿಲ್ಲ.

ಗಡಿ ಮುಚ್ಚಿದ ಮೇಲೆ

ಆ ವ್ಯವಹಾರವನ್ನು ಮುರಿದದ್ದು ಮೊದಲು ಜಪಾನಿನ ಆಕ್ರಮಣ, ಆನಂತರ ಶೀತಲ ಸಮರ. 1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. 1950ರಲ್ಲಿ ಕೊರಿಯಾ ಯುದ್ಧ ಶುರುವಾಗಿ, ಅದೇ ವರ್ಷದ ಕೊನೆಗೆ ಅಮೆರಿಕ ಚೀನಾಕ್ಕೆ ಹಣ ಕಳಿಸುವುದನ್ನು ನಿರ್ಬಂಧಿಸಿತು. ಗಡಿಯ ಎರಡೂ ಕಡೆ ಕಾವಲು ಬಿಗಿಯಾಯಿತು. ಭೂಸುಧಾರಣೆಯ ಕಾಲದಲ್ಲಿ, ಹೊರಗಿನಿಂದ ಹಣ ಬರುತ್ತಿದ್ದ ಎಷ್ಟೋ ಕುಟುಂಬಗಳು ಜಮೀನ್ದಾರರೆಂಬ ಹಣೆಪಟ್ಟಿ ಹೊತ್ತು ಕಷ್ಟಕ್ಕೆ ಸಿಲುಕಿದವು. ಸ್ಯಾಂಡಿ ಬೇಯ ತಂಗುದಾಣದಲ್ಲಿ, ಬಂದ ಅಸ್ಥಿಗಳು ಮುಂದೆ ಸಾಗದೆ ರಾಶಿಬಿದ್ದವು.

ಆದರೂ ನಂಟು ಸಾಯಲಿಲ್ಲ, ಅದು ಸಂಸ್ಥೆಗಳನ್ನು ಬಿಟ್ಟು ಮನೆಗಳಿಗೆ ಹಿಂದಿರುಗಿತು. 1959ರಿಂದ 1961ರವರೆಗಿನ ಮಹಾಕ್ಷಾಮದಲ್ಲಿ ಹಾಂಗ್‌ಕಾಂಗ್ ನಿವಾಸಿಗಳು, ಅವರಲ್ಲಿ ಅನೇಕರು ಸ್ವತಃ ನಿರಾಶ್ರಿತರು, ಎಣ್ಣೆ, ಸಕ್ಕರೆ, ಅಕ್ಕಿಹಿಟ್ಟು ತುಂಬಿದ ಲಕ್ಷಾಂತರ ಅಂಚೆ ಪೊಟ್ಟಣಗಳನ್ನು ಗುವಾಂಗ್‌ಡಾಂಗ್‌ನ ಬಂಧುಗಳಿಗೆ ಕಳಿಸಿದರು. ಯಾವ ವಾರ್ಷಿಕ ವರದಿಯಲ್ಲೂ ದಾಖಲಾಗದ ಆ ಪೊಟ್ಟಣಗಳು ಎಷ್ಟು ಜೀವ ಉಳಿಸಿದವೆಂದು ಎಣಿಸಿದವರಿಲ್ಲ.

1978ರ ನಂತರ ಬಾಗಿಲು ತೆರೆಯಿತು. 'ತವರಿಗೆ ಬನ್ನಿ' ಎಂದು ಅದೇ ಸರ್ಕಾರ ಕರೆಯತೊಡಗಿತು. ಶಾಲೆ, ಆಸ್ಪತ್ರೆ, ಸೇತುವೆಗಳ ಗೋಡೆಗಳ ಮೇಲೆ ಹಾಂಗ್‌ಕಾಂಗ್ ದಾನಿಗಳ ಹೆಸರುಗಳು ಕಾಣಿಸಿಕೊಂಡವು. 1985ರಲ್ಲಿ ಜಿಯಾಂಗ್‌ಮೆನ್‌ನಲ್ಲಿ ಸ್ಥಾಪನೆಯಾದ ವುಯಿ ವಿಶ್ವವಿದ್ಯಾಲಯಕ್ಕೆ ಹಾಂಗ್‌ಕಾಂಗ್, ಮಕಾವು ಮತ್ತು ಹೊರದೇಶಗಳಲ್ಲಿದ್ದ ಊರವರ ದೇಣಿಗೆ ದೊಡ್ಡ ಆಸರೆಯಾಯಿತು. 1991ರಲ್ಲಿ ಪೂರ್ವ ಚೀನಾದಲ್ಲಿ ಪ್ರವಾಹ ಬಂದಾಗ ಹಾಂಗ್‌ಕಾಂಗ್‌ನ ಕಲಾವಿದರು ಹ್ಯಾಪಿ ವ್ಯಾಲಿಯಲ್ಲಿ ಕಾರ್ಯಕ್ರಮ ನಡೆಸಿ ನಿಧಿ ಎತ್ತಿದರು. 2008ರ ಸಿಚುವಾನ್ ಭೂಕಂಪಕ್ಕೆ ಹಾಂಗ್‌ಕಾಂಗ್ ಸರ್ಕಾರವೊಂದೇ ಸುಮಾರು 900 ಕೋಟಿ ಹಾಂಗ್‌ಕಾಂಗ್ ಡಾಲರ್ ಮೀಸಲಿಟ್ಟಿತು.

ತಿರುವು ಬಂದದ್ದು ಅಲ್ಲಿಂದ ಮುಂದೆ. ಭೂಕಂಪದ ನಂತರ ಹಾಂಗ್‌ಕಾಂಗ್‌ನ ನೆರವಿನಿಂದ ಸಿಚುವಾನ್‌ನ ಮಿಯಾನ್‌ಯಾಂಗ್‌ನಲ್ಲಿ ಕಟ್ಟಿದ್ದ ಶಾಲೆಯೊಂದನ್ನು 2012ರಲ್ಲಿ ವಾಣಿಜ್ಯ ಯೋಜನೆಗಾಗಿ ಕೆಡವಿದ ಸುದ್ದಿ ಹಾಂಗ್‌ಕಾಂಗ್ ಜನರನ್ನು ಕೆರಳಿಸಿತು. ಅದಕ್ಕೂ ಮೊದಲು, 2011ರಲ್ಲಿ, ಚೀನಾದ ರೆಡ್‌ಕ್ರಾಸ್ ಸಂಸ್ಥೆಯ ಸುತ್ತ ಎದ್ದ ವಿವಾದದಿಂದ ಮುಖ್ಯಭೂಮಿಯಲ್ಲೇ ದಾನಿಗಳ ವಿಶ್ವಾಸ ಕುಸಿದಿತ್ತು. 2013ರಲ್ಲಿ ಸಿಚುವಾನ್‌ನಲ್ಲಿ ಮತ್ತೆ ಭೂಕಂಪವಾದಾಗ 10 ಕೋಟಿ ಹಾಂಗ್‌ಕಾಂಗ್ ಡಾಲರ್ ಕೊಡುವ ಪ್ರಸ್ತಾವಕ್ಕೆ ಹಾಂಗ್‌ಕಾಂಗ್ ಶಾಸನಸಭೆಯಲ್ಲಿ ತೀವ್ರ ವಿರೋಧ ಬಂದು, ಬಹಳ ಚರ್ಚೆಯ ನಂತರವೇ ಅದು ಅಂಗೀಕಾರವಾಯಿತು. ಐದೇ ವರ್ಷಗಳ ಹಿಂದೆ ಕಣ್ಣುಮುಚ್ಚಿ ಕೊಟ್ಟ ಜನ ಈಗ ಲೆಕ್ಕ ಕೇಳಿದರು. ಅದನ್ನು ಮುಖ್ಯಭೂಮಿಯ ಮೇಲಿನ ದ್ವೇಷವೆಂದು ಆಗ ಕೆಲವರು ವ್ಯಾಖ್ಯಾನಿಸಿದರು. ಅದರಲ್ಲಿ ರಾಜಕೀಯದ ಪಾಲು ಇತ್ತು ನಿಜ, ಆದರೆ ಝೆಂಗ್‌ಶಿನ್ ಲು ಓದಿ ಬೆಳೆದ ಸಮಾಜ ಕೇಳುವ ಸಹಜ ಪ್ರಶ್ನೆಯೂ ಅದಾಗಿತ್ತು.

ಕಾನೂನು ಬದಲಾಯಿಸಿದ ಜಾಗ

ಕಳೆದ ಹತ್ತು ವರ್ಷಗಳಲ್ಲಿ ಗಡಿಯ ಎರಡೂ ಬದಿಯ ಕಾನೂನು ಬದಲಾಗಿದೆ. 2017ರ ಜನವರಿ 1ರಿಂದ ಜಾರಿಗೆ ಬಂದ ಚೀನಾದ ಕಾನೂನು, ಮುಖ್ಯಭೂಮಿಯ ಹೊರಗಿನ ಸರ್ಕಾರೇತರ ಸಂಸ್ಥೆಗಳನ್ನು ಪೊಲೀಸ್ ಇಲಾಖೆಯ ನೋಂದಣಿಯ ಅಡಿಗೆ ತಂದಿತು. ಹಾಂಗ್‌ಕಾಂಗ್ ಚೀನಾದ್ದೇ ಭಾಗವಾದರೂ ಈ ಕಾನೂನಿನ ಕಣ್ಣಿಗೆ ಅದು 'ಗಡಿಯಾಚೆ'. ಹೀಗಾಗಿ ಹಾಂಗ್‌ಕಾಂಗ್‌ನ ಸಂಸ್ಥೆಯೊಂದು ಸೇ ಯಪ್‌ನ ಹಳ್ಳಿಯಲ್ಲಿ ಕೆಲಸ ಮಾಡಬೇಕಾದರೆ ಪ್ರತಿನಿಧಿ ಕಚೇರಿ ನೋಂದಾಯಿಸಬೇಕು ಅಥವಾ ಅಲ್ಲಿನ ಪಾಲುದಾರರೊಂದಿಗೆ ತಾತ್ಕಾಲಿಕ ಚಟುವಟಿಕೆಯ ವಿವರ ಸಲ್ಲಿಸಬೇಕು. ಯಾವ ಕ್ಷೇತ್ರದಲ್ಲಿ ಕೆಲಸ ಮಾಡಬಹುದು ಎಂಬುದಕ್ಕೂ ಮಿತಿಗಳಿವೆ. ಊರಿನ ಶಾಲೆಗೆ ವ್ಯಕ್ತಿಯೊಬ್ಬ ಹಣ ಕೊಡುವುದಕ್ಕೆ ಇದರಿಂದ ಅಡ್ಡಿಯಿಲ್ಲ, ಸಂಸ್ಥೆಯಾಗಿ ಅಲ್ಲಿ ನೆಲೆಯೂರುವುದು ಕಷ್ಟವಾಯಿತು.

ಹಾಂಗ್‌ಕಾಂಗ್‌ನಲ್ಲಿ ದತ್ತಿಗಳಿಗೆಂದೇ ಪ್ರತ್ಯೇಕ ಕಾನೂನು ಇಲ್ಲ, ತೆರಿಗೆ ಕಾನೂನಿನ 88ನೆಯ ಕಲಮಿನ ವಿನಾಯಿತಿಯೇ ಅವುಗಳ ಗುರುತು. 2013ರಲ್ಲಿ ಅಲ್ಲಿನ ಕಾನೂನು ಸುಧಾರಣಾ ಆಯೋಗ ದತ್ತಿಗಳ ಬಗ್ಗೆ ಶಿಫಾರಸುಗಳನ್ನು ಕೊಟ್ಟರೂ ಸಮಗ್ರ ಶಾಸನ ಬರಲಿಲ್ಲ. 2020ರಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ಬಂದ ಮೇಲೆ, 2021ರಲ್ಲಿ ತೆರಿಗೆ ಇಲಾಖೆ ತನ್ನ ಮಾರ್ಗಸೂಚಿ ತಿದ್ದಿ, ರಾಷ್ಟ್ರೀಯ ಭದ್ರತೆಗೆ ವಿರುದ್ಧವಾದ ಚಟುವಟಿಕೆ ನಡೆಸುವ ಸಂಸ್ಥೆಗೆ ದತ್ತಿಯ ಮಾನ್ಯತೆ ಇರುವುದಿಲ್ಲ ಎಂದು ಸೇರಿಸಿತು. 2019ರ ಸರ್ಕಾರವಿರೋಧಿ ಪ್ರತಿಭಟನಾಕಾರರಿಗೆ ನೆರವಾದ ನಿಧಿಯೊಂದರ ಟ್ರಸ್ಟಿಗಳು 2022ರಲ್ಲಿ ಬಂಧನಕ್ಕೊಳಗಾದರು. ಹಣ ಸಂಗ್ರಹಿಸುವುದು, ಹಂಚುವುದು ರಾಜಕೀಯ ಕೃತ್ಯವೆನಿಸಬಹುದು ಎಂಬ ಎಚ್ಚರ ಆಗಿನಿಂದ ಎಲ್ಲ ಸಂಸ್ಥೆಗಳಲ್ಲೂ ಮೂಡಿದೆ. ತೈ ಪೋದ ಸ್ವಯಂಸೇವಕರ ಪ್ರಸಂಗ ಈ ಹಿನ್ನೆಲೆಯಲ್ಲಿ ನಡೆದದ್ದು.

ಮೂರು ನಿಲುವುಗಳು

ಅಧಿಕೃತ ನಿಲುವು ಸ್ಪಷ್ಟವಾಗಿದೆ. ಹಾಂಗ್‌ಕಾಂಗ್, ಮಕಾವು ಮತ್ತು ಗುವಾಂಗ್‌ಡಾಂಗ್‌ನ ಒಂಬತ್ತು ನಗರಗಳನ್ನು ಒಂದೇ 'ಮಹಾಕೊಲ್ಲಿ ಪ್ರದೇಶ'ವನ್ನಾಗಿ ಬೆಸೆಯುವ 2019ರ ಯೋಜನೆಯಲ್ಲಿ, ಹೊರದೇಶದ ಚೀನೀಯರ ಸಾಂಸ್ಕೃತಿಕ ವಿನಿಮಯದ ಕೇಂದ್ರವೆಂಬ ಪಾತ್ರ ಜಿಯಾಂಗ್‌ಮೆನ್‌ಗೆ ಸಿಕ್ಕಿದೆ. ಕಷ್ಟ ಬಂದಾಗ ಹಾಂಗ್‌ಕಾಂಗ್ ತವರಿಗೆ ಕೊಟ್ಟಿತು, ಈಗ ತವರು ಹಾಂಗ್‌ಕಾಂಗ್‌ಗೆ ಕೊಡುತ್ತಿದೆ, ಮನೆಯವರ ನಡುವೆ ಲೆಕ್ಕವೇಕೆ ಎಂಬುದು ಈ ವಾದದ ಸಾರ. ಸರ್ಕಾರದ ನೇತೃತ್ವವಿದ್ದರೆ ನೆರವು ಬೇಗ ಮತ್ತು ಸಮನಾಗಿ ತಲುಪುತ್ತದೆ ಎಂಬ ಮಾತಿನಲ್ಲೂ ಹುರುಳಿದೆ. ಸಾವಿರಾರು ಜನ ಮನೆ ಕಳೆದುಕೊಂಡಾಗ ವಸತಿ ಒದಗಿಸುವುದು ಸ್ವಯಂಸೇವಕರಿಂದ ಆಗುವ ಕೆಲಸವಲ್ಲ.

ಹಾಂಗ್‌ಕಾಂಗ್‌ನ ನಾಗರಿಕ ಸಂಘಟನೆಗಳ ಪರವಾಗಿ ಮಾತಾಡುವವರು ಬೇರೆ ಕಡೆಯಿಂದ ನೋಡುತ್ತಾರೆ. ದುರಂತದ ಸ್ಥಳದಲ್ಲಿ ಹೊದಿಕೆ ಹಂಚುವವನೇ ಬೆಂಕಿಗೆ ಕಾರಣವೇನೆಂದು ಕೇಳುವವನೂ ಆಗಿರುತ್ತಾನೆ, ನೆರವಿನ ಕೆಲಸದಿಂದ ಅವನನ್ನು ಬದಿಗೆ ಸರಿಸಿದರೆ ಪ್ರಶ್ನೆಯನ್ನೂ ಬದಿಗೆ ಸರಿಸಿದಂತೆ ಎಂಬುದು ಅವರ ಆತಂಕ. 1869ರಲ್ಲಿ ಆ ಗುಡಿಯ ಹಗರಣ ಬಯಲಾಗದಿದ್ದರೆ ತುಂಗ್ ವಾ ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯ ನಿಲುವು ಹೆಚ್ಚು ಸುದ್ದಿಯಾಗುವುದಿಲ್ಲ, ಅದು ತವರೂರುಗಳದ್ದು. ಅಲ್ಲಿನ ಕೊರತೆ ಈಗ ಹಣದ್ದಲ್ಲ, ಜನರದ್ದು. ಕೈಪಿಂಗ್‌ನ ಹಲವು ಗೋಪುರಗಳ ವಾರಸುದಾರರು ಹೊರದೇಶದಲ್ಲಿದ್ದಾರೆ, ಮನೆಗಳಿಗೆ ಬೀಗ ಬಿದ್ದಿದೆ, ಸ್ಥಳೀಯ ಆಡಳಿತವೇ ಒಪ್ಪಂದ ಮಾಡಿಕೊಂಡು ಕೆಲವನ್ನು ನೋಡಿಕೊಳ್ಳುತ್ತಿದೆ. ಹೊರಗಿರುವವರ ಸಂಖ್ಯೆ, ಹಾಂಗ್‌ಕಾಂಗ್ ಮಕಾವುಗಳಲ್ಲಿರುವವರೂ ಸೇರಿದಂತೆ, 50 ಲಕ್ಷಕ್ಕೂ ಹೆಚ್ಚೆಂದು ಜಿಯಾಂಗ್‌ಮೆನ್ ಹೇಳಿಕೊಳ್ಳುತ್ತದೆ. ಆದರೆ ಮೂರನೆಯ, ನಾಲ್ಕನೆಯ ತಲೆಮಾರಿನವರಿಗೆ ಹಳ್ಳಿಯ ಹೆಸರೂ ಸರಿಯಾಗಿ ಗೊತ್ತಿಲ್ಲ. ಇಂಥವರನ್ನು ಕರೆತರಲು ಇರುವ ದೊಡ್ಡ ಸೆಳೆತವೆಂದರೆ ಹಳೆಯ ಪತ್ರಗಳು ಮತ್ತು ಸಮಾಧಿಗಳು. ಹಣದೊಂದಿಗೆ ಬರುತ್ತಿದ್ದ ಆ ಕಾಗದಗಳು, ಗುವಾಂಗ್‌ಡಾಂಗ್ ಮತ್ತು ಫುಜಿಯಾನ್ ಪ್ರಾಂತ್ಯಗಳ ಇತರ ಊರುಗಳವೂ ಕೂಡಿದ ಒಂದೂವರೆ ಲಕ್ಷಕ್ಕೂ ಮಿಕ್ಕ ಸಂಗ್ರಹದ ಭಾಗವಾಗಿ, 2013ರಲ್ಲಿ ಯುನೆಸ್ಕೊದ 'ವಿಶ್ವ ಸ್ಮೃತಿ' ಪಟ್ಟಿಗೆ ಸೇರಿದ್ದು ಊರಿನವರಿಗೆ ಇದೇ ಕಾರಣಕ್ಕೆ ಮುಖ್ಯವಾಯಿತು.

ಮುಂದೆ ಆಗಬಹುದಾದದ್ದು

ಪ್ರಯಾಣ ಇನ್ನಷ್ಟು ಸುಲಭವಾಗುವುದು ನಿಶ್ಚಿತ. 2018ರಲ್ಲಿ ಹಾಂಗ್‌ಕಾಂಗ್-ಝುಹಾಯ್-ಮಕಾವು ಸೇತುವೆ, 2024ರಲ್ಲಿ ಶೆನ್‌ಝೆನ್-ಝೊಂಗ್‌ಶಾನ್ ಮಾರ್ಗ ತೆರೆದಿವೆ. 2023ರಿಂದ ಹಾಂಗ್‌ಕಾಂಗ್‌ನ ಖಾಸಗಿ ಕಾರುಗಳು ಸೇತುವೆ ದಾಟಿ ಗುವಾಂಗ್‌ಡಾಂಗ್‌ಗೆ ಹೋಗಬಹುದು. ದುಬಾರಿ ಹಾಂಗ್‌ಕಾಂಗ್‌ನಲ್ಲಿ ಬದುಕಲಾಗದ ವೃದ್ಧರು ಗುವಾಂಗ್‌ಡಾಂಗ್‌ನ ಆರೈಕೆ ಮನೆಗಳಲ್ಲಿ ನೆಲೆಸಲು ಹಾಂಗ್‌ಕಾಂಗ್ ಸರ್ಕಾರವೇ ವೆಚ್ಚ ಭರಿಸುವ ಯೋಜನೆ ವಿಸ್ತರಿಸುತ್ತಿದೆ. ಅಂದು ಮೂಳೆಗಳಾಗಿ ಊರಿಗೆ ಮರಳುತ್ತಿದ್ದವರ ದಾರಿಯಲ್ಲಿ ಈಗ ಜೀವಂತ ವೃದ್ಧರು ಮರಳತೊಡಗಿದ್ದಾರೆ. ದತ್ತಿ ಸಂಸ್ಥೆಗಳಿಗೆ ಇಲ್ಲಿ ನಿಜವಾದ ಕೆಲಸವಿದೆ. ಆದರೆ ಅವು ಎರಡೂ ಸರ್ಕಾರಗಳ ಗುತ್ತಿಗೆದಾರರಾಗಿಯೇ ಅದನ್ನು ಮಾಡುವ ಸಂಭವ ಹೆಚ್ಚು.

ದೊಡ್ಡ ದೇಣಿಗೆಗಳು ಇನ್ನು ಮುಂದೆ ಕಂಪನಿಗಳಿಂದ ಸರ್ಕಾರಿ ನಿಧಿಗೆ, ಅಲ್ಲಿಂದ ಫಲಾನುಭವಿಗೆ ಹೋಗುವ ಮಾರ್ಗವೇ ಬಲಗೊಳ್ಳುತ್ತದೆ. ಇದರಿಂದ ವೇಗ ಹೆಚ್ಚಬಹುದು. ಆದರೆ ಕೊಟ್ಟವನು, ಹಂಚಿದವನು, ಪಡೆದವನು ಒಂದೇ ಆಡಳಿತದ ನೆರಳಿನಲ್ಲಿದ್ದಾಗ ಮೂರು ಕಡೆ ಬರೆದು ತಾಳೆ ನೋಡುವ ಹಳೆಯ ಪದ್ಧತಿಗೆ ಜಾಗವಿರುವುದಿಲ್ಲ. ಸಣ್ಣ ದಾನಿಗಳು ಅದನ್ನು ಬೇಗ ಗುರುತಿಸುತ್ತಾರೆ ಎಂಬುದನ್ನು 2013ರ ಅನುಭವವೇ ತೋರಿಸಿದೆ. ವಾಂಗ್ ಫುಕ್ ಕೋರ್ಟ್ ನಿಧಿಯ ಪ್ರತಿಯೊಂದು ಖರ್ಚಿನ ವಿವರವೂ ಹೊರಬಂದರೆ ಈ ಅಪನಂಬಿಕೆ ತಗ್ಗಬಹುದು, ಬಾರದಿದ್ದರೆ ಮುಂದಿನ ದುರಂತದಲ್ಲಿ ಜನ ತಮಗೆ ಗೊತ್ತಿರುವವರ ಕೈಗೇ ಹಣ ಕೊಡಲು ಯತ್ನಿಸುತ್ತಾರೆ, ಆಗ ಕಾನೂನಿನೊಂದಿಗಿನ ತಿಕ್ಕಾಟ ಮತ್ತೆ ಶುರುವಾಗುತ್ತದೆ.

ತುಂಗ್ ವಾ ತನ್ನ ಹಳೆಯ ಪತ್ರಗಳನ್ನೂ ಪೆಟ್ಟಿಗೆಗಳ ಪಟ್ಟಿಗಳನ್ನೂ ಕಾಪಾಡಿಕೊಂಡು ಬಂದಿದೆ. ಮುತ್ತಾತನ ಸಮಾಧಿ ಹುಡುಕುವ ವಂಶಸ್ಥರಿಗೆ ಇಂಥ ದಾಖಲೆಗಳು ಸುಳಿವು ಕೊಡುತ್ತವೆ: ಒಂದು ಹೆಸರು, ಒಂದು ಹಳ್ಳಿ, ಪೆಟ್ಟಿಗೆ ಹಾಂಗ್‌ಕಾಂಗ್ ತಲುಪಿದ ದಿನ, ಅದನ್ನು ಮುಂದಕ್ಕೆ ಒಯ್ದವರು ಯಾರು ಎಂಬ ಒಂದು ಸಾಲು.